ಅಕ್ಕನ ಟೆರೇಸಿನಿಂದ ಗುಡ್ಡದ ಶಾಲೆಗೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ. ಇಪ್ಪತ್ತೆರಡು ವರ್ಷದಿಂದ ಕಂಬ, ಛಾವಣಿ, ನೀರಿನ ಟ್ಯಾಂಕುಗಳ ನೆತ್ತಿ ಹತ್ತಿ ಡಿಶ್ ಕೂರಿಸುವವಳಿಗೆ ಅಷ್ಟಾದರೂ ಇರದಿದ್ದರೆ ಕೆಲಸ ಸಾಗುವುದಿಲ್ಲ. ಕೇಬಲ್ ಎಳೆಯಲಾಗದ ಕಡೆ ಎರಡು ಕಟ್ಟಡಗಳ ಮೇಲೆ ಎರಡು ಡಿಶ್ ಎದುರುಬದುರು ನಿಲ್ಲಿಸಿ, ಗಾಳಿಯಲ್ಲೇ ಇಂಟರ್‌ನೆಟ್ ದಾಟಿಸುವುದು ನನ್ನ ಕಸುಬು. ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ನನ್ನ ನಾದಿನಿ. ಅತ್ತಿಗೆ ನಾದಿನಿ ಇಬ್ಬರನ್ನೂ ಎರಡು ಕಿಲೋಮೀಟರ್ ದೂರ ಇಟ್ಟರೆ ಮಾತ್ರ ಹೊಂದಿಕೊಳ್ಳುತ್ತಾರೆ ಎಂದು ನನ್ನ ಗಂಡ ನಗುತ್ತಾನೆ. ನಾವು ಕೂರಿಸಿದ ಒಂದೇ ಒಂದು ಲಿಂಕ್ ಕೂಡ ಇದುವರೆಗೆ ಕೈಕೊಟ್ಟಿಲ್ಲ. ಜಂಬ ಅಂದುಕೊಂಡರೂ ನನಗೇನೂ ಬೇಜಾರಿಲ್ಲ.

ಆ ಶುಕ್ರವಾರದ ಕೆಲಸ ಮಾತ್ರ ಗಿರಾಕಿಯದ್ದಲ್ಲ, ನನ್ನ ಅಕ್ಕನದು.

ಅಕ್ಕನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಮಾತೆಲ್ಲ ಕೈಯಲ್ಲೇ, ಬೈಗುಳವೂ ಕೈಯಲ್ಲೇ. ನಾದಿನಿಯೂ ಕಲಿತಿದ್ದಾಳೆ. ಊಟದ ಹೊತ್ತಿಗೆ ಜಗಳ ಶುರುವಾದರೆ ತಟ್ಟೆ ಕೆಳಗಿಡಲೇಬೇಕು, ಇಲ್ಲದಿದ್ದರೆ ಎದುರುತ್ತರ ಕೊಡಲು ಕೈ ಖಾಲಿ ಇರುವುದಿಲ್ಲ. ಅವಳು ಗುಡ್ಡದ ಮೇಲೆ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಟೀಚರು. ಅವಳ ಕ್ಲಾಸಿನಲ್ಲಿ ಹನ್ನೊಂದು ಮಕ್ಕಳು. ಆ ಶಾಲೆಗೆ ರಸ್ತೆ ಇಲ್ಲ, ಇನ್ನೂರ ಹನ್ನೆರಡು ಮೆಟ್ಟಿಲು ಹತ್ತಬೇಕು. ಎರಡು ತಿಂಗಳ ಹಿಂದೆ ಅಕ್ಕನ ಎರಡೂ ಮಂಡಿಗೆ ಆಪರೇಷನ್ ಆಯಿತು. ಇನ್ನು ಆರು ತಿಂಗಳು ಮೆಟ್ಟಿಲ ಕಡೆ ತಲೆ ಹಾಕಿಯೂ ಮಲಗಬಾರದು ಎಂದು ಡಾಕ್ಟರು ಹೇಳಿಬಿಟ್ಟರು.

ಶಾಲೆಯ ಕಾರ್ಯದರ್ಶಿಗಳನ್ನು ಕಾಣಲು ನಾನೇ ಹೋಗಿದ್ದೆ. ಮಾತಿಗೊಮ್ಮೆ ಕೈಗಡಿಯಾರ ತಟ್ಟುವ ಮನುಷ್ಯ.

"ಪಾಪ, ಅವರಿಗೆ ರೆಸ್ಟ್ ಬೇಕಲ್ಲಮ್ಮ," ಎಂದರು. "ಸೋಮವಾರದಿಂದ ಲೆಕ್ಕದ ಮೇಷ್ಟ್ರು ಆ ಕ್ಲಾಸ್ ತಗೋತಾರೆ."

"ಅವರಿಗೆ ಕೈಮಾತು ಬರುತ್ತಾ ಸರ್?"

"ಬೋರ್ಡ್ ಮೇಲೆ ಬರೀತಾರೆ. ಮಕ್ಕಳಿಗೆ ಕಣ್ಣು ಇದೆಯಲ್ಲ."

ನಾನು ಹಲ್ಲು ಕಚ್ಚಿಕೊಂಡು ಹೇಳಿದೆ. "ಅಕ್ಕ ಮನೆಯಿಂದಲೇ ಪಾಠ ಮಾಡ್ತಾಳೆ ಸರ್. ವಿಡಿಯೋದಲ್ಲಿ. ಲಿಂಕ್ ನಾನು ಹಾಕಿಕೊಡ್ತೀನಿ."

"ಅಷ್ಟೆಲ್ಲ ಯಾಕಮ್ಮ? ಆಫೀಸಿನ ಫೋನ್ ಹಚ್ಚಿ ಸ್ಪೀಕರ್ ಹಾಕಿದ್ರೆ ಸಾಲಲ್ವಾ?"

ನಾನು ಅವರ ಮುಖ ನೋಡಿದೆ. ತಮಾಷೆಗೆ ಹೇಳಿದ್ದಲ್ಲ. "ಸರ್, ಅಕ್ಕನಿಗೂ ಕಿವಿ ಕೇಳ್ಸಲ್ಲ, ಮಕ್ಕಳಿಗೂ ಕೇಳ್ಸಲ್ಲ. ಫೋನಲ್ಲಿ ಯಾರು ಯಾರ ಹತ್ರ ಮಾತಾಡೋದು ಅಂತ ನೀವೇ ಹೇಳಿ."

ಅವರ ಮುಖ ಕೆಂಪಾಯಿತು. ಗಡಿಯಾರ ತಟ್ಟಿದರು. "ಶುಕ್ರವಾರ ಮೂರು ಗಂಟೆಗೆ ನಾನೇ ಕ್ಲಾಸಲ್ಲಿ ಕೂತು ನೋಡ್ತೀನಿ. ನಾನು ಹೇಳಿದ ಪುಟ ಅವರು ಅಲ್ಲಿಂದ ಪಾಠ ಮಾಡ್ಲಿ, ಮಕ್ಕಳು ಪುಸ್ತಕ ಮುಚ್ಚಿ ಇಲ್ಲಿ ಬರೀಲಿ. ಸರಿಯಾಗಿ ಬಂದ್ರೆ ಕ್ಲಾಸು ಅವರದೇ. ಇಲ್ಲಾಂದ್ರೆ ಮೇಷ್ಟ್ರದು. ಮತ್ತೆ ಮತ್ತೆ ಬಂದು ನನ್ನ ತಲೆ ತಿನ್ಬಾರ್ದು."

ಒಮ್ಮೆ ಆ ಕ್ಲಾಸು ಕೈಬಿಟ್ಟರೆ ಆರು ತಿಂಗಳ ನಂತರ ವಾಪಸ್ ಕೊಡುವವರು ಯಾರೂ ಇರಲಿಲ್ಲ. ಅದು ನನಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು.

ಅಕ್ಕನ ಮನೆ ಮೇಲಿನ ಮಹಡಿಯಲ್ಲಿದೆ. ಲಿಫ್ಟ್ ಇರುವುದರಿಂದ ಬದುಕಿದೆವು. ಅಡುಗೆಮನೆಯ ಬಾಗಿಲು ತೆಗೆದರೆ ಟೆರೇಸು, ಟೆರೇಸಿನ ಮೂಲೆಯಲ್ಲಿ ಹಿಂದೆ ಯಾರೋ ಟಿವಿ ಆಂಟೆನಾಕ್ಕೆ ನಿಲ್ಲಿಸಿದ್ದ ದಪ್ಪ ಕಬ್ಬಿಣದ ಕಂಬ. ಅಲ್ಲಿಂದ ನೋಡಿದರೆ ಸಾಲು ಸಾಲು ಛಾವಣಿಗಳಾಚೆ ಬೋಳು ಗುಡ್ಡ, ಅದರ ತಲೆಯ ಮೇಲೆ ಬೆಂಕಿಪೆಟ್ಟಿಗೆಯಷ್ಟು ಬಿಳಿ ಶಾಲೆ. ಮಧ್ಯೆ ಏನೇನೂ ಅಡ್ಡ ಇಲ್ಲ. ಇಂಥ ಜಾಗ ಸಿಕ್ಕಿದರೆ ನಮ್ಮ ಕಸುಬಿನವರು ಕುಣಿದಾಡುತ್ತಾರೆ.

ನಾದಿನಿ ಬೆಳಿಗ್ಗೆಯೇ ಸಾಮಾನು ಹೊತ್ತುಕೊಂಡು ಗುಡ್ಡ ಹತ್ತಿ, ಶಾಲೆಯ ಛಾವಣಿಯಲ್ಲಿ ತನ್ನ ಡಿಶ್ ನಿಲ್ಲಿಸಿ ಮುಗಿಸಿದ್ದಳು. ಅಲ್ಲಿ ಮೊಬೈಲ್ ಸಿಗುವುದಿಲ್ಲ, ಹಾಗಾಗಿ ನಮ್ಮಿಬ್ಬರ ಮಾತು ವಾಕಿಟಾಕಿಯಲ್ಲಿ. ನಾನು ಏಣಿ ಹಾಕಿ, ಸೊಂಟಕ್ಕೆ ಬೆಲ್ಟ್ ಬಿಗಿದು ಕಂಬ ಹತ್ತಿದೆ. ಕೆಳಗೆ ಕುರ್ಚಿಯಲ್ಲಿ ಅಕ್ಕ, ಅವಳ ತೊಡೆಯ ಮೇಲೆ ಲ್ಯಾಪ್‌ಟಾಪ್. ಸಿಗ್ನಲ್ ಎಷ್ಟಿದೆ ಎಂಬ ಅಂಕಿ ಅದರಲ್ಲಿ ಬರುತ್ತದೆ, ಅದನ್ನು ಅವಳು ಕೈಯೆತ್ತಿ ತೋರಿಸಬೇಕು. ಬೇರೆ ಕಡೆಯಾದರೆ ಕೆಳಗಿನವರು ಅರಚುತ್ತಾರೆ, ಅರ್ಧ ಗಾಳಿಗೆ ಹಾರಿಹೋಗುತ್ತದೆ. ಅಕ್ಕ ತೋರಿಸಿದ ಅಂಕಿ ಎಲ್ಲಿಗೂ ಹಾರಿಹೋಗುವುದಿಲ್ಲ. ಇಷ್ಟು ಒಳ್ಳೆಯ ಸಹಾಯಕಿ ನನಗೆ ಇಪ್ಪತ್ತೆರಡು ವರ್ಷದಲ್ಲಿ ಸಿಕ್ಕಿರಲಿಲ್ಲ.

ನಮ್ಮ ಲೆಕ್ಕದಲ್ಲಿ ಅಂಕಿ ಚಿಕ್ಕದಾದಷ್ಟೂ ಲಿಂಕ್ ಗಟ್ಟಿ. ದೂರ, ಡಿಶ್ಶಿನ ಅಳತೆ ಎಲ್ಲ ಹಾಕಿ ಹಿಂದಿನ ದಿನವೇ ಗುಣಿಸಿ ನೋಡಿದ್ದೆ. ಐವತ್ತೊಂದು ಬರಬೇಕು. ಅದನ್ನು ಚೀಟಿಯಲ್ಲಿ ಬರೆದು ಒಂದನ್ನು ನಾದಿನಿಗೆ ಕೊಟ್ಟು, ಇನ್ನೊಂದನ್ನು ಲ್ಯಾಪ್‌ಟಾಪಿಗೆ ಅಂಟಿಸಿದ್ದೆ.

ಏಣಿ ಹತ್ತುವ ಮೊದಲೇ ಅಕ್ಕ ಕಂಬದ ಕಡೆ ಬೆರಳು ತೋರಿಸಿ, "ಇದು ವಾಲಿದೆ," ಎಂದಿದ್ದಳು.

"ಗೊತ್ತು," ಎಂದಿದ್ದೆ. ನಿಜವಾಗಿ ನಾನು ನೋಡಿರಲಿಲ್ಲ. ಡಿಶ್ ಮುಟ್ಟುವ ಮೊದಲು ಕಂಬದ ಮಟ್ಟ ನೋಡಬೇಕು ಎಂದು ನಾದಿನಿಗೆ ಸಾವಿರ ಸಲ ಗದರಿದವಳು ನಾನೇ. ಆದರೆ ಅಂದು ಬೆಳಿಗ್ಗೆಯಿಂದ ತಲೆಯಲ್ಲಿ ಆ ಫೋನು, ಆ ಸ್ಪೀಕರು, ಆ ಮನುಷ್ಯನ ಗಡಿಯಾರ ಇಷ್ಟೇ ಕುದಿಯುತ್ತಿತ್ತು. ಬೇಗ ಮುಗಿಸಿ ಅವರ ಮುಖಕ್ಕೆ ಹೊಡೆದ ಹಾಗೆ ತೋರಿಸಬೇಕು ಎನ್ನುವ ಆತುರ. ಡಿಶ್ಶಿನ ಹಿಂದಿನ ಅಳತೆಪಟ್ಟಿ ನೋಡಿ ಮೇಲೆ ಕೆಳಗಿನ ಓರೆ ಕೂರಿಸಿದೆ. ಆಮೇಲೆ ಎಡಕ್ಕೆ, ಬಲಕ್ಕೆ ನಿಧಾನ ತಿರುಗಿಸಿದೆ. ಅಕ್ಕನ ಕೈ ಎಂಬತ್ತು ಎಂದಿತು. ಎಪ್ಪತ್ತೈದು. ಎಪ್ಪತ್ತು. ಅರವತ್ತೇಳು. ಅಲ್ಲಿಂದ ಮತ್ತೆ ಎಪ್ಪತ್ತು. ಹಿಂದಕ್ಕೆ ತಂದು ಅರವತ್ತೇಳರಲ್ಲಿ ನಿಲ್ಲಿಸಿದೆ. ಹಸಿರು ದೀಪ ಹತ್ತಿತು.

ವಾಕಿಟಾಕಿ ಕೂಗಿತು. "ಅತ್ತಿಗೆ, ನನ್ ಕಡೆ ಅರವತ್ತೆಂಟು. ಚೀಟೀಲಿ ಐವತ್ತೊಂದು ಅಂತ ನೀವೇ ಬರ್ದಿದೀರ."

"ಮಧ್ಯ ಯಾವುದೋ ಮರ ಗಿರ ಇರುತ್ತೆ ಕಣೇ."

"ಮರ ಎಲ್ಲಿದೆ ಅತ್ತಿಗೆ? ನಾನು ನೋಡ್ತಾನೇ ಇದೀನಲ್ಲ. ಬರೀ ಬಂಡೆ."

"ನಿಂಗೆ ಬಾಯಿ ಜಾಸ್ತಿ ಆಯ್ತು. ಲಿಂಕ್ ಬಂತೋ ಇಲ್ವೋ? ಬಿಗಿ ಮಾಡ್ತೀನಿ, ನೀನೂ ಬಿಗಿ ಮಾಡು."

ಕೆಳಗೆ ಅಕ್ಕ ಚೀಟಿಯ ಮೇಲೆ ಬೆರಳು ಕುಟ್ಟುತ್ತಿದ್ದಳು. ನಾನು ಸ್ಪ್ಯಾನರ್ ಬಾಯಲ್ಲಿ ಕಚ್ಚಿಕೊಂಡು ಎರಡೂ ಕೈಯಲ್ಲಿ, "ನನಗೆ ಪಾಠ ಹೇಳಬೇಡ," ಎಂದೆ.

"ನಾನು ಟೀಚರು. ಇನ್ನೇನು ಹೇಳಲಿ?" ಎಂದಳು.

ಒಂದೂವರೆಗೆ ಪರೀಕ್ಷೆ ಮಾಡಿ ನೋಡಿದೆವು. ಕ್ಲಾಸಿನಲ್ಲಿ ನಾದಿನಿ ದೊಡ್ಡ ಟಿವಿ, ಕ್ಯಾಮೆರಾ ಎಲ್ಲ ಜೋಡಿಸಿದ್ದಳು. ಅಡುಗೆಮನೆಯ ಗೋಡೆಗೆ ಬೆನ್ನು ಮಾಡಿ ಅಕ್ಕ ಕ್ಯಾಮೆರಾದ ಮುಂದೆ ಕೂತಳು. ಲ್ಯಾಪ್‌ಟಾಪಿನಲ್ಲಿ ಹನ್ನೊಂದು ಮುಖ ಕಾಣಿಸಿದ ಕೂಡಲೇ ಅವಳ ಮುಖ ಅರಳಿತು. ಎರಡು ತಿಂಗಳ ಮೇಲೆ ನೋಡುತ್ತಿದ್ದಳು. ಮಕ್ಕಳೂ ಒಟ್ಟಿಗೇ ಕೈ ಬೀಸಿದರು. ನಾನು ಮೀಸೆ ಇಲ್ಲದಿದ್ದರೂ ತಿರುವಿಕೊಂಡೆ.

ಅರ್ಧ ನಿಮಿಷ ಆಗಿರಲಿಲ್ಲ, ಚಿತ್ರ ನಿಂತಿತು. ಮತ್ತೆ ಓಡಿತು. ಮತ್ತೆ ನಿಂತಿತು. ಊರಿನಲ್ಲಿ ಮನೆಗೊಂದು ವೈಫೈ, ಆ ಗದ್ದಲದಲ್ಲಿ ಅರವತ್ತೇಳು ತಡೆದುಕೊಳ್ಳಲಿಲ್ಲ.

"ಅತ್ತಿಗೆ, ಮಕ್ಕಳು ಒಬ್ಬರ ಮುಖ ಒಬ್ಬರು ನೋಡ್ಕೋತಿದಾರೆ," ನಾದಿನಿಯ ದನಿ ಇಳಿದಿತ್ತು. "ದೊಡ್ಡಕ್ಕ ಕೈ ಎತ್ತೋದು ಕಾಣುತ್ತೆ, ಇಳ್ಸೋದು ಕಾಣಲ್ಲ. ಮಧ್ಯದ್ದೆಲ್ಲ ನುಂಗಿಹೋಗ್ತಿದೆ."

ಮಾತಾದರೆ ಒಂದೆರಡು ಅಕ್ಷರ ತಪ್ಪಿದರೂ ಊಹಿಸಿಕೊಳ್ಳಬಹುದು. ಕೈಮಾತಿನಲ್ಲಿ ಅರ್ಧ ಕೈ ಹೋದರೆ ಅರ್ಥವೆಲ್ಲ ಹೋಯಿತು. ಇದು ಹುಟ್ಟಿದಾಗಿನಿಂದ ಅಕ್ಕನ ಜೊತೆ ಬೆಳೆದ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಕ್ಕ ಒಂದೇ ವಾಕ್ಯವನ್ನು ಮೂರು ಸಲ ಹೇಳಿ, ಕೊನೆಗೆ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನಾದಳು. ಅವಳು ಕೈ ಸುಮ್ಮನೆ ಇಟ್ಟುಕೊಂಡದ್ದನ್ನು ನಾನು ನೋಡಿದ್ದೇ ಕಡಿಮೆ.

ಅರವತ್ತೇಳು ಯಾಕೆ ಎಂದು ಆಗ ಹೊಳೆಯಿತು. ಇಷ್ಟು ಹೊತ್ತೂ ಹೊಳೆಯದ್ದಲ್ಲ, ಹೊಳೆಯಲು ನಾನು ಬಿಟ್ಟಿರಲಿಲ್ಲ. ಡಿಶ್ಶಿನಿಂದ ಮುಖ್ಯ ಕಿರಣ ಒಂದೇ, ನೇರ ಹೋಗುತ್ತದೆ. ಅದರ ಸುತ್ತ ನಾಲ್ಕಾರು ಪುಡಿ ಕಿರಣಗಳೂ ಚೆಲ್ಲಿರುತ್ತವೆ. ಪುಡಿ ಕಿರಣಕ್ಕೆ ಸಿಕ್ಕಿಕೊಂಡರೂ ಅಂಕಿ ಏರುತ್ತದೆ, ಇಳಿಯುತ್ತದೆ, ಹಸಿರು ದೀಪವೂ ಹತ್ತುತ್ತದೆ. ಹೊಸಬರೆಲ್ಲ ಅದನ್ನೇ ನಿಜವೆಂದು ನಂಬಿ ಬೋಲ್ಟು ಬಿಗಿದು ಮನೆಗೆ ಹೋಗುತ್ತಾರೆ. ನಾದಿನಿ ಮೊದಲ ವರ್ಷ ಹೀಗೆ ಮಾಡಿದಾಗ ಅವಳು ಅಳುವವರೆಗೆ ಬೈದಿದ್ದೆ. ಈಗ ಕಂಬ ಹಿಂದಕ್ಕೆ ವಾಲಿದೆ, ಅಳತೆಪಟ್ಟಿ ನಂಬಿದ ನಾನು ಡಿಶ್ಶನ್ನು ಶಾಲೆಯ ತಲೆಯ ಮೇಲಿನ ಬರೀ ಆಕಾಶಕ್ಕೆ ಮುಖಮಾಡಿ ನಿಲ್ಲಿಸಿದ್ದೇನೆ. ಎಡಬಲ ಹುಡುಕಿದೆ, ಮೇಲೆ ಕೆಳಗೆ ಹುಡುಕಲೇ ಇಲ್ಲ. ಛೀ, ನನ್ನ ಜನ್ಮಕ್ಕಿಷ್ಟು!

ಅಕ್ಕನ ಮುಂದೆ ಹೋಗಿ ನಿಂತೆ. "ತಪ್ಪು ನನ್ನದು," ಎಂದೆ. ನಲವತ್ತೈದು ವರ್ಷದಲ್ಲಿ ಅವಳಿಗೆ ಈ ಮಾತು ಹೇಳಿದ್ದು ಅದೇ ಮೊದಲು. "ಪೂರ್ತಿ ಸಡಿಲ ಮಾಡಿ ಮತ್ತೆ ಹುಡುಕಬೇಕು. ಈಗ ಇರುವುದೂ ಹೋಗುತ್ತದೆ. ಮೂರು ಗಂಟೆಯೊಳಗೆ ಸಿಗದಿದ್ದರೆ ಕತ್ತಲೆ."

ಅಕ್ಕ ನನ್ನನ್ನು ನೋಡಿದಳು. ಹಂಗಿಸುತ್ತಾಳೆ ಅಂದುಕೊಂಡೆ. ಅವಳು ಲ್ಯಾಪ್‌ಟಾಪನ್ನು ತೊಡೆಗೆ ಎಳೆದುಕೊಂಡು, "ಹತ್ತು," ಎಂದಳು ಅಷ್ಟೇ.

ಮೊದಲು ಮಾಡಬೇಕಾಗಿದ್ದನ್ನು ಆಗ ಮಾಡಿದೆ. ಕಂಬಕ್ಕೆ ಮಟ್ಟಗೋಲು ಹಿಡಿದರೆ ಅದರ ಗಾಜಿನೊಳಗಿನ ಗುಳ್ಳೆ ಒಂದು ಮೂಲೆಗೆ ಓಡಿಹೋಗಿ ಕೂತಿತು. ಅದನ್ನು ನೋಡಿ ನನಗೆ ನಾಚಿಕೆಯ ಜೊತೆಗೆ ಧೈರ್ಯವೂ ಬಂತು. ರೋಗ ಗೊತ್ತಾದ ಮೇಲೆ ಹೆದರಿಕೆ ಯಾತಕ್ಕೆ?

"ಲೇ, ನೀನು ಹೇಳಿದ್ದೇ ಸರಿ. ನನ್ ಡಿಶ್ಶು ಆಕಾಶ ನೋಡ್ತಿದೆ. ಬಿಚ್ತಿದೀನಿ. ನೀನು ನಿನ್ನ ಡಿಶ್ ಮುಟ್ಟಬೇಡ, ಕೈ ಕಟ್ಕೊಂಡು ನಿಂತ್ಕೋ."

"ಅಯ್ಯೋ ಅತ್ತಿಗೆ, 'ನೀನು ಹೇಳಿದ್ದೇ ಸರಿ' ಅನ್ನೋದನ್ನ ಇನ್ನೊಂದ್ಸಲ ಹೇಳಿ, ಗಾಳಿ ಜಾಸ್ತಿ ಇತ್ತು."

"ಇಳಿದು ಬಾ, ಹೇಳ್ತೀನಿ."

"ಅತ್ತಿಗೆ," ಅವಳ ದನಿ ಪಿಸುಮಾತಾಯಿತು. "ಅವರು ಬಂದುಬಿಟ್ರು. ಇನ್ನೂ ಎರಡೂಕಾಲು. ಕ್ಲಾಸಲ್ಲೇ ಕೂತಿದಾರೆ."

ಕೂತುಕೊಳ್ಳಲಿ. ಬೋಲ್ಟು ಸಡಿಲಿಸಿ ಡಿಶ್ಶಿನ ಮೂತಿಯನ್ನು ಕೂದಲೆಳೆಯಷ್ಟು ಕೆಳಕ್ಕೆ ಒತ್ತಿದೆ. ಅಕ್ಕನ ಕೈ ಎಪ್ಪತ್ತು ಎಂದಿತು. ಇನ್ನಷ್ಟು ಒತ್ತಿದೆ. ಎಪ್ಪತ್ತಾರು. ಎಂಬತ್ತಮೂರು. ಆಮೇಲೆ ಅವಳು ಖಾಲಿ ಅಂಗೈ ತಿರುಗಿಸಿ ತೋರಿಸಿದಳು. ಏನೂ ಇಲ್ಲ.

ಪುಡಿ ಕಿರಣಕ್ಕೂ ಮುಖ್ಯ ಕಿರಣಕ್ಕೂ ಮಧ್ಯೆ ಒಂದು ಸತ್ತ ಜಾಗ ಇರುತ್ತದೆ. ಅದನ್ನು ದಾಟದೆ ಆಚೆಗೆ ಹೋಗಲಾಗುವುದಿಲ್ಲ. ಕಸುಬಿನಲ್ಲಿ ನೂರು ಸಲ ದಾಟಿದ್ದೇನೆ. ಆದರೂ ಆ ಖಾಲಿ ಅಂಗೈಯನ್ನು ಎರಡೆರಡು ಸಲ ನೋಡಿದೆ. ಇದ್ದ ಚೂರನ್ನೂ ನಾನೇ ಕೈಯಾರೆ ಕಿತ್ತುಹಾಕಿದ್ದೆ.

ವಾಕಿಟಾಕಿಯಲ್ಲಿ ಗಂಡು ದನಿ ಕೇಳಿಸಿತು. "ಏನಮ್ಮ, ಟಿವಿ ಪೂರ್ತಿ ಕಪ್ಪಾಗಿದೆ. ಇದ್ದದ್ದೂ ಹೋಯ್ತಲ್ಲ."

"ನಾನೇ ತೆಗ್ದಿದ್ದು ಸರ್. ಮೂರು ಗಂಟೆಗೆ ಅಂತ ಹೇಳಿದ್ರಿ. ಇನ್ನೂ ಅರ್ಧ ಗಂಟೆ ನಂದು. ವಾಕಿಟಾಕಿ ಅವಳಿಗೆ ಕೊಡಿ, ನಂಗೆ ಕೆಲಸ ಇದೆ."

ಬೇರೆ ದಿನವಾಗಿದ್ದರೆ ಇಷ್ಟು ಮೆತ್ತಗೆ ಹೇಳುತ್ತಿರಲಿಲ್ಲ.

ಕೆಳಕ್ಕೆ ಒತ್ತುತ್ತಾ ಹೋದೆ. ಆತುರ ಮಾಡುವ ಹಾಗಿಲ್ಲ. ಕೂದಲೆಳೆಯಷ್ಟು ಸರಿಸಿ, ಹತ್ತರವರೆಗೆ ಎಣಿಸಿ, ಮತ್ತೆ ಸರಿಸಬೇಕು. ಯಂತ್ರಕ್ಕೆ ಹುಡುಕಿಕೊಳ್ಳಲು ಅಷ್ಟು ಹೊತ್ತು ಬೇಕು. ಬಿಸಿಲಿಗೆ ಸ್ಪ್ಯಾನರ್ ಅಂಗೈ ಸುಡುತ್ತಿತ್ತು. ಖಾಲಿ. ಖಾಲಿ. ಅಕ್ಕ ಒಂದು ಸಲವೂ ಪರದೆಯಿಂದ ಕಣ್ಣು ಕೀಳಲಿಲ್ಲ. ಖಾಲಿ. ಏಣಿಗೆ ಒರಗಿ ನಿಂತೆ. ಇಲ್ಲದೆ ಎಲ್ಲಿಗೆ ಹೋಗುತ್ತದೆ, ಇಲ್ಲೇ ಎಲ್ಲೋ ಇದೆ, ಎಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡೆ.

ಅಕ್ಕನ ಕೈ ಚಿಮ್ಮಿತು. ಎಂಬತ್ತು!

ಎಪ್ಪತ್ತೊಂದು. ಅರವತ್ತಮೂರು. ಅವಳ ಬೆರಳುಗಳು ಎಷ್ಟು ಜೋರಾಗಿ ಓಡಿದವೆಂದರೆ ಓದಿಕೊಳ್ಳಲು ನನ್ನ ಕಣ್ಣಿಗೆ ಪುರುಸೊತ್ತಿರಲಿಲ್ಲ. ಐವತ್ತೇಳು. ಐವತ್ತಮೂರು. ಅಲ್ಲಿ ನಿಲ್ಲಿಸಲಿಲ್ಲ, ದಾಟಿಸಿಯೇ ನೋಡಿದೆ. ಐವತ್ತಾರು. ಹಿಂದಕ್ಕೆ ತಂದೆ. ಈಗ ಎಡಬಲ. ಐವತ್ತೆರಡು. ಐವತ್ತೊಂದು. ಬೋಲ್ಟು ಬಿಗಿಯುವಾಗ ಡಿಶ್ ಸ್ವಲ್ಪ ಜಾರಿ ಐವತ್ತನಾಲ್ಕಾಯಿತು. ಮತ್ತೆ ಸಡಿಲಿಸಿ, ಎದುರುಬದುರು ಬೋಲ್ಟುಗಳನ್ನು ಅರ್ಧರ್ಧ ಸುತ್ತು ಬಿಗಿಯುತ್ತಾ ಬಂದೆ. ಕೊನೆಯ ಸುತ್ತಿಗೆ ಅಕ್ಕ ಚೀಟಿಯನ್ನು ಲ್ಯಾಪ್‌ಟಾಪಿನಿಂದ ಕಿತ್ತು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ನನ್ ಕಡೇನೂ ಐವತ್ತೊಂದು ಅತ್ತಿಗೆ! ಬಂಡೆಯಂಗೆ ನಿಂತಿದೆ!" ನಾದಿನಿಯ ಕಿರುಚಾಟಕ್ಕೆ ವಾಕಿಟಾಕಿ ಒಡೆಯದೆ ಉಳಿದದ್ದೇ ಹೆಚ್ಚು.

ಏಣಿ ಇಳಿದಾಗ ಎರಡು ಐವತ್ತು. ಅಕ್ಕ ನೀರಿನ ಲೋಟ ಕೊಟ್ಟು, ತಾನೇ ಕುರ್ಚಿ ಸರಿಸಿಕೊಂಡು ಕ್ಯಾಮೆರಾದ ಮುಂದೆ ಕೂತಳು.

ಮೂರಕ್ಕೆ ಸರಿಯಾಗಿ ಕಾರ್ಯದರ್ಶಿಗಳು ಒಂದು ಕಾಗದದ ಮೇಲೆ ನಲವತ್ತೆಂಟು ಎಂದು ಬರೆದು ಕ್ಯಾಮೆರಾಕ್ಕೆ ಹಿಡಿದರು. ಅಕ್ಕ ಪುಸ್ತಕದ ನಲವತ್ತೆಂಟನೇ ಪುಟ ತೆರೆದಳು. ಸಮುದ್ರದ ನೀರಿನಿಂದ ಉಪ್ಪು ಮಾಡುವ ಪಾಠ. ಅವಳು ಶುರುಮಾಡಿದಳು. ನೀರು ಬಂತು, ಬಿಸಿಲು ಬಂತು, ನೀರು ಆವಿಯಾಗಿ ಮೇಲೆ ಹೋಯಿತು, ಉಪ್ಪು ಬೆರಳ ತುದಿಯಲ್ಲಿ ಹರಳುಗಟ್ಟಿತು. ಗುಡ್ಡದ ಮೇಲೆ ಹನ್ನೊಂದು ತಲೆಗಳು ಟಿವಿ ನೋಡುವುದು, ಬರೆಯುವುದು, ಮತ್ತೆ ನೋಡುವುದು ಮಾಡುತ್ತಿದ್ದವು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದೆ.

ಪಾಠದ ಅರ್ಧದಲ್ಲಿ ಅಕ್ಕನ ಕೈ ತಟ್ಟನೆ ನಿಂತುಬಿಟ್ಟಿತು.

ನಾನು ಗಾಬರಿಯಿಂದ ಲ್ಯಾಪ್‌ಟಾಪಿನ ಕಡೆ ಬಗ್ಗಿದೆ. ಗುಡ್ಡದ ಮೇಲೂ ಅದೇ ಗಾಬರಿ. "ಯಾಕೆ ನಿಲ್ಲಿಸಿದ್ರು? ಚಿತ್ರ ಹೋಯ್ತಾ?" ಎಂದು ಕಾರ್ಯದರ್ಶಿಗಳು ಕೇಳುವುದು ಕೇಳಿಸಿತು.

ಚಿತ್ರ ಎಲ್ಲಿಗೂ ಹೋಗಿರಲಿಲ್ಲ. ಅಕ್ಕ ಕಣ್ಣು ಕಿರಿದು ಮಾಡಿ ಕೊನೆಯ ಸಾಲಿಗೆ ಬೆರಳು ನೆಟ್ಟಿದ್ದಳು. "ಎರಡು ಜಡೆಯವಳೇ, ಪಕ್ಕದವಳ ಹಾಳೆಯಿಂದ ಕಣ್ಣು ತೆಗಿ. ನಾನಿಲ್ಲಿ ಇದ್ದೀನಿ."

ಎರಡು ಜಡೆಯವಳು ಸೀಟಿನಲ್ಲೇ ಮುದುಡಿಹೋದಳು. ಉಳಿದ ಹತ್ತೂ ಮಕ್ಕಳು ಹಿಂತಿರುಗಿ ನೋಡಿ ನಕ್ಕರು.

"ಏನೂ ಇಲ್ಲ ಸರ್," ನಾದಿನಿ ಹೇಳುತ್ತಿದ್ದಳು. "ಹಿಂದಿನ ಬೆಂಚಲ್ಲಿ ಒಬ್ಬಳು ಕಾಪಿ ಹೊಡೀತಿದ್ಲು. ಇಲ್ಲೇ ಕೂತಿರೋ ನಮ್ಗೆ ಕಾಣ್ಲಿಲ್ಲ. ದೊಡ್ಡಕ್ಕನಿಗೆ ಅಲ್ಲಿಂದ ಕಾಣ್ತು."

ಪಾಠ ಮುಗಿಯಿತು. ಕಾರ್ಯದರ್ಶಿಗಳು ಕನ್ನಡಕ ಹಾಕಿಕೊಂಡು ಹನ್ನೊಂದು ಹಾಳೆಯನ್ನೂ ಪುಸ್ತಕಕ್ಕೆ ಹೋಲಿಸಿ ನೋಡಿದರು. ಹತ್ತು ಹಾಳೆಗಳಲ್ಲಿ ಒಂದು ಸಂಗತಿಯೂ ಬಿಟ್ಟುಹೋಗಿರಲಿಲ್ಲ. ಹನ್ನೊಂದನೆಯದು ಮಾತ್ರ ಅರ್ಧಕ್ಕೇ ನಿಂತಿತ್ತು.

"ಇದ್ಯಾಕಮ್ಮ ಹಿಂಗೆ?"

"ಆಮೇಲೆ ಕಾಪಿ ಹೊಡಿಯೋಕೆ ಆಗ್ಲಿಲ್ವಲ್ಲ ಸರ್," ಎಂದಳು ನಾದಿನಿ.

ಅವರು ನಕ್ಕೇಬಿಟ್ಟರು. ಆ ಮನುಷ್ಯನಿಗೆ ನಗು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕನ್ನಡಕ ತೆಗೆದು ಹೇಳಿದರು, "ಕ್ಲಾಸು ಅವರದೇ ಅಂತ ಅವರಿಗೆ ತಿಳಿಸಿಬಿಡಮ್ಮ. ಇಲ್ಲಾಂದ್ರೆ ಚೀಟಿ ಬರೆದುಕೊಡ್ತೀನಿ."

"ಚೀಟಿ ಯಾಕೆ ಸರ್? ಎದುರಿಗೇ ಇದಾರಲ್ಲ. ನೀವೇ ಹೇಳಿ."

"ನಂಗೆ ಅದೆಲ್ಲ ಎಲ್ಲಿ ಬರುತ್ತೆ?"

ನಾದಿನಿ ಮಕ್ಕಳ ಕಡೆ ತಿರುಗಿ ಏನೋ ಸನ್ನೆ ಮಾಡಿದಳು. ಮಕ್ಕಳು ಅವರನ್ನು ಮುತ್ತಿಕೊಂಡರು. ಒಬ್ಬಳು ಅವರ ಬೆರಳು ಮಡಿಚಿದಳು, ಇನ್ನೊಬ್ಬ ಮಣಿಕಟ್ಟು ತಿರುಗಿಸಿದ, ಎರಡು ಜಡೆಯವಳು ಅವರ ಮೊಣಕೈ ಹಿಡಿದು ಮೇಲೆತ್ತಿದಳು. ಅವರು ಕ್ಯಾಮೆರಾದ ಮುಂದೆ ನಿಂತು, ಪರೀಕ್ಷೆಗೆ ನಿಂತವರ ಹಾಗೆ, ಒಂದೊಂದೇ ಸನ್ನೆ ಮಾಡಿದರು. ನೀವು. ಸೋಮವಾರ. ಪಾಠ.

ಹತ್ತೊಂಬತ್ತು ವರ್ಷದಲ್ಲಿ ಆ ಶಾಲೆಯ ಆಫೀಸಿನವರು ಅಕ್ಕನಿಗೆ ಹೇಳಬೇಕಾದದ್ದನ್ನೆಲ್ಲ ಚೀಟಿಯಲ್ಲಿ ಬರೆದು ಕಳಿಸಿದ್ದರು. ಕೈಯಲ್ಲಿ ಹೇಳಿದ್ದು ಇದೇ ಮೊದಲು. ಅಕ್ಕನ ಕಣ್ಣು ತುಂಬಿ ಬಂದದ್ದು ಪಕ್ಕದಿಂದ ನನಗೆ ಕಾಣುತ್ತಿತ್ತು. ಸೆರಗಿನಿಂದ ಕಣ್ಣು ಒರೆಸಿಕೊಂಡು, ನೆಟ್ಟಗೆ ಕೂತು ಉತ್ತರ ಕೊಟ್ಟಳು. ಗುಡ್ಡದ ಮೇಲೆ ಹನ್ನೊಂದು ಮಕ್ಕಳೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನಂದ್ರು? ಏನಂದ್ರಮ್ಮ?" ಕಾರ್ಯದರ್ಶಿಗಳು ಕೇಳಿದರು.

"ಕ್ಲಾಸು ಒಂಬತ್ತಕ್ಕೆ ಶುರುವಂತೆ ಸರ್," ನಾದಿನಿ ಹೇಳಿದಳು. "ಹಿಂದಿನ ಬೆಂಚಲ್ಲಿ ಇನ್ನೊಬ್ಬರಿಗೆ ಜಾಗ ಇದೆಯಂತೆ. ನೀವೂ ಬಂದು ಕಲೀಬೇಕಂತೆ."

ಅವರು ಜೇಬಿನಿಂದ ಪೆನ್ನು ತೆಗೆದರು. ಹತ್ತಿರದಲ್ಲಿದ್ದ ಮಗುವಿಗೆ ಬಾಗಿ ಏನೋ ಬರೆದು ತೋರಿಸಿದರು, ಮಗು ಅದನ್ನು ಕೈಯಲ್ಲಿ ಮಾಡಿ ತೋರಿಸಿತು, ಅವರು ಕೈಯೆತ್ತಿ ಅಕ್ಕನಿಗೆ ಅದನ್ನೇ ತೋರಿಸಿದರು. ಆಗಲಿ ಟೀಚರ್, ಬರುತ್ತೇನೆ. ನಾನು ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕೂತು ಜೋರಾಗಿ ಅತ್ತೆ. ಅಕ್ಕನಿಗೆ ಕೇಳಿಸುವುದಿಲ್ಲವಲ್ಲ, ನನಗೇನು ನಾಚಿಕೆ.